ಕಿರುಮಾದರಿ ಜೋಡಣೆಯ ಅಂಟುಗಳು

ಕಿರುಮಾದರಿ ಜೋಡಣೆಯ ಅಂಟುಗಳು ಎಂದರೆ ವಿಮಾನ, ಹಡಗು, ರೈಲು, ವಾಹನ, ಕಟ್ಟಡ ಮತ್ತು ಮನುಷ್ಯಾಕೃತಿಗಳ ಪುಟ್ಟ ಪ್ರತಿರೂಪಗಳ ಬಿಡಿಭಾಗಗಳನ್ನು ಒಂದಕ್ಕೊಂದು ಕೂಡಿಸಲು ಬಳಸುವ ಅಂಟುಪದಾರ್ಥಗಳು. ಇವುಗಳಲ್ಲಿ ಪ್ಲಾಸ್ಟಿಕ್ ದ್ರಾವಕ ಅಂಟು, ಸಯನೋಆಕ್ರಿಲೇಟ್, ಎಪಾಕ್ಸಿ ಮತ್ತು ಪಾಲಿವಿನೈಲ್ ಅಸಿಟೇಟ್ ಆಧಾರಿತ ಬಿಳಿ ಅಂಟು ಮುಖ್ಯವಾದ ನಾಲ್ಕು ವರ್ಗಗಳು. ಎಲ್ಲ ವಸ್ತುಗಳಿಗೂ ಒಪ್ಪುವ ಒಂದೇ ಅಂಟು ಇಲ್ಲ. ಒಂದು ವಸ್ತುವನ್ನು ಬೆಸೆದಂತೆ ಗಟ್ಟಿಯಾಗಿ ಹಿಡಿಯುವ ಅಂಟು ಇನ್ನೊಂದಕ್ಕೆ ಸ್ವಲ್ಪವೂ ಹಿಡಿಯದಿರಬಹುದು, ಮತ್ತೊಂದನ್ನು ಕರಗಿಸಿ ಹಾಳುಮಾಡಬಹುದು.

ಆದ್ದರಿಂದ ಅಂಟಿನ ಆಯ್ಕೆಯು ಮೂರು ಅಂಶಗಳನ್ನು ಅವಲಂಬಿಸಿದೆ: ಮಾದರಿಯ ಭಾಗಗಳು ಯಾವ ವಸ್ತುವಿನಿಂದ ತಯಾರಾಗಿವೆ, ಕೀಲಿನ ಮೇಲೆ ಎಂತಹ ಬಲ ಬೀಳುತ್ತದೆ ಮತ್ತು ಭಾಗಗಳನ್ನು ಸರಿಯಾಗಿ ಕೂರಿಸಲು ಎಷ್ಟು ಸಮಯ ಬೇಕಾಗುತ್ತದೆ. ಇವುಗಳ ಜೊತೆಗೆ ಆರೋಗ್ಯದ ಪ್ರಶ್ನೆಯೂ ಇದೆ. ಹಲವು ಅಂಟುಗಳ ಆವಿಯು ವಿಷಕಾರಿಯೂ ಸುಲಭವಾಗಿ ಹೊತ್ತಿಕೊಳ್ಳುವಂಥದೂ ಆಗಿದ್ದು, ಈ ಹವ್ಯಾಸದಲ್ಲಿ ತೊಡಗುವವರಲ್ಲಿ ಮಕ್ಕಳೂ ಹದಿಹರೆಯದವರೂ ಇರುತ್ತಾರೆ.

ಅಂಟಿಕೊಳ್ಳುವಿಕೆಯ ತತ್ತ್ವ

ಯಾವುದೇ ಅಂಟು ಮೊದಲು ದ್ರವರೂಪದಲ್ಲಿದ್ದು, ಮೇಲ್ಮೈಯ ಮೇಲೆ ಚೆನ್ನಾಗಿ ಹರಡಿ ಅದನ್ನು ತೋಯಿಸಬೇಕು, ಆಮೇಲೆ ಗಟ್ಟಿಯಾಗಬೇಕು. ಮೇಣದ ಮೇಲೆ ಬಿದ್ದ ನೀರು ಹರಡದೆ ಹನಿಗಟ್ಟುವಂತೆ, ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳಂತಹ ಪ್ಲಾಸ್ಟಿಕ್‌ಗಳ ಮೇಲೆ ಹೆಚ್ಚಿನ ಅಂಟುಗಳು ಹರಡುವುದಿಲ್ಲ. ಇವುಗಳ ಮೇಲ್ಮೈ ಶಕ್ತಿಯು ಕಡಿಮೆ ಇರುವುದೇ ಇದಕ್ಕೆ ಕಾರಣ.

ಅಂಟು ಹಿಡಿಯುವ ಬಗೆಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದರಲ್ಲಿ ಅಂಟು ಮೇಲ್ಮೈಯ ಸೂಕ್ಷ್ಮರಂಧ್ರಗಳಿಗೆ ಇಳಿದು ಅಲ್ಲಿಯೇ ಗಟ್ಟಿಯಾಗುತ್ತದೆ. ಮರ ಮತ್ತು ಕಾಗದದಲ್ಲಿ ಬಿಳಿ ಅಂಟು ಮುಖ್ಯವಾಗಿ ಹೀಗೆ ಕೆಲಸ ಮಾಡುತ್ತದೆ. ಎರಡನೆಯದರಲ್ಲಿ ಅಂಟಿನ ಅಣುಗಳು ಮತ್ತು ಮೇಲ್ಮೈಯ ಅಣುಗಳ ನಡುವಿನ ಆಕರ್ಷಣೆಯಿಂದ ಹಿಡಿತ ಉಂಟಾಗುತ್ತದೆ. ಸಯನೋಆಕ್ರಿಲೇಟ್ ಹಾಗೂ ಎಪಾಕ್ಸಿ ಈ ಬಗೆಯವು. ಮೂರನೆಯದು ದ್ರಾವಕ ಬೆಸುಗೆ. ಇಲ್ಲಿ ಎರಡೂ ಭಾಗಗಳ ಪ್ಲಾಸ್ಟಿಕ್ ಮೇಲ್ಪದರವು ಕರಗಿ, ಅವುಗಳ ಉದ್ದನೆಯ ಅಣುಸರಪಳಿಗಳು ಪರಸ್ಪರ ಹೆಣೆದುಕೊಂಡು, ದ್ರಾವಕವು ಆವಿಯಾದ ಬಳಿಕ ಒಂದೇ ತುಂಡಾಗಿ ಉಳಿಯುತ್ತವೆ.

ಕೀಲಿನ ಮೇಲೆ ಬೀಳುವ ಬಲದ ದಿಕ್ಕೂ ಮುಖ್ಯ. ಎರಡು ಹಲಗೆಗಳನ್ನು ಒಂದರ ಮೇಲೊಂದಿಟ್ಟು ಅಂಟಿಸಿದ ಕೀಲಿನಲ್ಲಿ ಬಲವು ಅಗಲವಾದ ಪ್ರದೇಶಕ್ಕೆ ಹಂಚಿಹೋಗುತ್ತದೆ. ತುದಿಗೆ ತುದಿ ಮುಟ್ಟಿಸಿ ಅಂಟಿಸಿದ ಕೀಲನ್ನು ಬಾಗಿಸಿದರೆ ಬಲವೆಲ್ಲ ಒಂದು ಅಂಚಿನಲ್ಲಿ ಸೇರಿ ಅಲ್ಲಿಂದ ಬಿರುಕು ಹುಟ್ಟುತ್ತದೆ. ಈಟಿ ಹಿಡಿದ ಯೋಧನ ತೋಳು, ವಿಮಾನದ ಚಕ್ರದ ಕಂಬ ಮೊದಲಾದ ಸಣ್ಣ ಭಾಗಗಳು ಪದೇ ಪದೇ ಮುರಿಯಲು ಇದೇ ಕಾರಣ.

ಇತಿಹಾಸ

ಕೃತಕ ಅಂಟುಗಳಿಗೆ ಮುನ್ನ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಕಾಯಿಸಿ ತೆಗೆದ ಅಂಟು, ಮರದ ಗೋಂದು ಹಾಗೂ ಹಿಟ್ಟಿನ ಸರಿಗಳು ಬಳಕೆಯಲ್ಲಿದ್ದವು. ಕರ್ನಾಟಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆಗಳಲ್ಲಿ ಹಗುರವಾದ ಮರದ ಭಾಗಗಳನ್ನು ಕೂಡಿಸಲು ಹುಣಸೆ ಬೀಜದಿಂದ ಮಾಡಿದ ಅಂಟನ್ನು ಬಳಸುವ ಪರಂಪರೆಯಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಾಲ್ಸಾ ಮರದಿಂದ ಹಾರುವ ಮಾದರಿ ವಿಮಾನಗಳನ್ನು ಕಟ್ಟುವವರು ನೈಟ್ರೋಸೆಲ್ಯುಲೋಸ್ ಆಧಾರಿತ ಅಂಟನ್ನು ಬಳಸುತ್ತಿದ್ದರು.

1936ರಲ್ಲಿ ಬ್ರಿಟನ್ನಿನಲ್ಲಿ ಫ್ರಾಗ್ ಸಂಸ್ಥೆಯು ‘ಪೆಂಗ್ವಿನ್’ ಎಂಬ ಹೆಸರಿನಲ್ಲಿ ಸೆಲ್ಯುಲೋಸ್ ಅಸಿಟೇಟ್‌ನ ವಿಮಾನ ಮಾದರಿಗಳನ್ನು ಹೊರತಂದಿತು. ಎರಡನೆಯ ಮಹಾಯುದ್ಧದ ನಂತರ ಪಾಲಿಸ್ಟೈರೀನ್ ಈ ಸ್ಥಾನವನ್ನು ಪಡೆಯಿತು. ಅಚ್ಚಿನ ಸೂಕ್ಷ್ಮ ವಿವರಗಳನ್ನು ಚೆನ್ನಾಗಿ ಉಳಿಸಿಕೊಳ್ಳುವ ಮತ್ತು ಸಾಮಾನ್ಯ ದ್ರಾವಕಗಳಲ್ಲಿ ಸುಲಭವಾಗಿ ಕರಗುವ ಗುಣದಿಂದಾಗಿ ಇದು ಪ್ಲಾಸ್ಟಿಕ್ ಮಾದರಿಗಳ ಮುಖ್ಯ ವಸ್ತುವಾಯಿತು. ಕೊಳವೆಯಲ್ಲಿ ಸಿಗುವ ಪ್ಲಾಸ್ಟಿಕ್ ಅಂಟೂ ಇದರೊಂದಿಗೆ ಮನೆಮಾತಾಯಿತು.

ಬಿಳಿ ಅಂಟಿನ ಮೂಲವಾದ ಪಾಲಿವಿನೈಲ್ ಅಸಿಟೇಟನ್ನು 1912ರಲ್ಲಿ ಜರ್ಮನಿಯ ಫ್ರಿಟ್ಸ್ ಕ್ಲಾಟ್ ಕಂಡುಹಿಡಿದರು. ಭಾರತದಲ್ಲಿ ಈ ವರ್ಗದ ‘ಫೆವಿಕಾಲ್’ 1959ರಲ್ಲಿ ಮಾರುಕಟ್ಟೆಗೆ ಬಂದು, ಬಡಗಿಗಳ ಕಾರ್ಯಾಗಾರದಲ್ಲಿ ಕಾಯಿಸಿ ಹಚ್ಚುವ ಪ್ರಾಣಿಜನ್ಯ ಅಂಟಿನ ಜಾಗವನ್ನು ಕ್ರಮೇಣ ಪಡೆಯಿತು.

ಸಯನೋಆಕ್ರಿಲೇಟ್ ಆಕಸ್ಮಿಕವಾಗಿ ದೊರೆತದ್ದು. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯಲ್ಲಿ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಕಿಂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಸಿಕ್ಕಿತಾದರೂ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂಬ ಕಾರಣಕ್ಕೆ ಕೈಬಿಡಲಾಯಿತು. 1951ರಲ್ಲಿ ಕೂವರ್ ಮತ್ತು ಫ್ರೆಡ್ ಜಾಯ್ನರ್ ಅದನ್ನು ಮತ್ತೆ ಪರಿಶೀಲಿಸಿದಾಗ ಅಂದು ದೋಷವೆನಿಸಿದ್ದೇ ಗುಣವೆಂದು ತಿಳಿದುಬಂತು. 1958ರಲ್ಲಿ ಅದು ‘ಈಸ್ಟ್‌ಮನ್ 910’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದಿತು.

ಮಾದರಿಯ ವಸ್ತುವನ್ನು ಗುರುತಿಸುವುದು

ಅಂಟನ್ನು ಆರಿಸುವ ಮೊದಲು ಭಾಗಗಳು ಯಾವ ವಸ್ತುವಿನವು ಎಂದು ತಿಳಿಯಬೇಕು. ಅನೇಕ ಕಿಟ್‌ಗಳಲ್ಲಿ, ವಿಶೇಷವಾಗಿ ಜಪಾನಿನ ಕಿಟ್‌ಗಳಲ್ಲಿ, ಭಾಗಗಳನ್ನು ಹಿಡಿದಿರುವ ಚೌಕಟ್ಟಿನ ಮೇಲೆ ‘ಪಿಎಸ್’, ‘ಎಬಿಎಸ್’, ‘ಪಿಇ’ ಎಂಬ ಸಂಕೇತಾಕ್ಷರಗಳು ರೋಮನ್ ಲಿಪಿಯಲ್ಲಿ ಅಚ್ಚಾಗಿರುತ್ತವೆ. ಇವು ಕ್ರಮವಾಗಿ ಪಾಲಿಸ್ಟೈರೀನ್, ಆಕ್ರಿಲೋನೈಟ್ರೈಲ್ ಬ್ಯೂಟಾಡೈಯೀನ್ ಸ್ಟೈರೀನ್ ಮತ್ತು ಪಾಲಿಎಥಿಲೀನ್‌ಗಳನ್ನು ಸೂಚಿಸುತ್ತವೆ.

ಗುರುತು ಇಲ್ಲದಿದ್ದಲ್ಲಿ ಚೌಕಟ್ಟಿನ ಸಣ್ಣ ತುಂಡಿನ ಮೇಲೆ ಪರೀಕ್ಷೆ ಮಾಡಬಹುದು. ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರವಾದ್ದರಿಂದ ತೇಲುತ್ತವೆ. ಪಾಲಿಸ್ಟೈರೀನ್ ನೀರಿಗಿಂತ ತುಸು ಭಾರವಾದ್ದರಿಂದ ಮುಳುಗುತ್ತದೆ. ತುಂಡಿಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಫಲಿತಾಂಶ ತಪ್ಪಾಗಬಹುದಾದ್ದರಿಂದ ಅದನ್ನು ನೀರಿನೊಳಗೆ ಅದ್ದಿ ಬಿಡಬೇಕು. ಪ್ಲಾಸ್ಟಿಕ್ ಅಂಟಿನ ಒಂದು ಹನಿ ಹಾಕಿದಾಗ ಪಾಲಿಸ್ಟೈರೀನ್ ಮೆತ್ತಗಾಗಿ ಜಿಗುಟಾಗುತ್ತದೆ. ಎರಕದ ಪಾಲಿಯುರೆಥೇನ್ ರೆಸಿನ್ ಹಾಗೂ ತ್ರಿಆಯಾಮ ಮುದ್ರಣದ ರೆಸಿನ್‌ಗಳು ಹಾಗೆ ಕರಗುವುದಿಲ್ಲ. ಲೋಹದ ಭಾಗಗಳನ್ನು ತೂಕ ಮತ್ತು ತಣ್ಣನೆಯ ಸ್ಪರ್ಶದಿಂದಲೇ ತಿಳಿಯಬಹುದು. ಸುಟ್ಟು ನೋಡುವ ವಿಧಾನವು ವಿಷಕಾರಿ ಹೊಗೆಯನ್ನು ಹೊಮ್ಮಿಸುವುದರಿಂದ ತಕ್ಕದ್ದಲ್ಲ.

ಅಂಟಿನ ವಿಧಗಳು

ಪ್ಲಾಸ್ಟಿಕ್ ದ್ರಾವಕ ಅಂಟು

ಪಾಲಿಸ್ಟೈರೀನ್ ಮಾದರಿಗಳಿಗೆ ಇದೇ ಮೊದಲ ಆಯ್ಕೆ. ಇದರಲ್ಲಿ ಬ್ಯೂಟೈಲ್ ಅಸಿಟೇಟ್, ಈಥೈಲ್ ಅಸಿಟೇಟ್, ಅಸಿಟೋನ್, ಬ್ಯೂಟನೋನ್ ಮೊದಲಾದ ದ್ರಾವಕಗಳಿರುತ್ತವೆ. ಕಿತ್ತಳೆ ಜಾತಿಯ ಹಣ್ಣುಗಳ ಸಿಪ್ಪೆಯಿಂದ ದೊರೆಯುವ ಲಿಮೊನೀನ್ ಆಧಾರಿತ ಅಂಟುಗಳೂ ಇವೆ. ಸರಿಯಾಗಿ ಕೂಡಿದ ಕೀಲು ಒಣಗಿದ ಮೇಲೆ ಸುತ್ತಲಿನ ಪ್ಲಾಸ್ಟಿಕ್‌ಗೆ ಸಮೀಪದ ಬಲವನ್ನು ಹೊಂದಿರುತ್ತದೆ.

ಈ ಅಂಟು ಮಂದ ಮತ್ತು ತೆಳು ಎಂಬ ಎರಡು ರೂಪಗಳಲ್ಲಿ ದೊರೆಯುತ್ತದೆ. ಮಂದವಾದುದರಲ್ಲಿ ದ್ರಾವಕದೊಂದಿಗೆ ಸ್ವಲ್ಪ ಪ್ಲಾಸ್ಟಿಕ್ ಕೂಡ ಕರಗಿರುತ್ತದೆ. ಇದನ್ನು ಮೊದಲು ಹಚ್ಚಿ ನಂತರ ಭಾಗಗಳನ್ನು ಕೂಡಿಸಬೇಕು; ನಿಧಾನವಾಗಿ ಒಣಗುವುದರಿಂದ ಸ್ಥಾನವನ್ನು ತಿದ್ದಲು ಅವಕಾಶವಿರುತ್ತದೆ. ತೆಳುವಾದುದನ್ನು ಬಳಸುವ ಕ್ರಮ ಇದಕ್ಕೆ ತಿರುವುಮುರುವು: ಭಾಗಗಳನ್ನು ಮೊದಲು ಒತ್ತಿ ಹಿಡಿದು, ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಲೋಮನಾಳ ಕ್ರಿಯೆಯಿಂದ ಅಂಟು ತಾನಾಗಿಯೇ ಸಂದಿನ ಉದ್ದಕ್ಕೂ ಹರಿಯುತ್ತದೆ. ಹಿಡಿದಿರುವ ಬೆರಳು ಸಂದಿನ ಮೇಲಿದ್ದರೆ ಅಂಟು ಬೆರಳಿನ ಅಡಿಗೂ ಹರಿದು ಪ್ಲಾಸ್ಟಿಕ್ ಮೇಲೆ ಬೆರಳಚ್ಚು ಮೂಡಿಸುತ್ತದೆ.

ಮೇಲ್ನೋಟಕ್ಕೆ ಕೆಲವೇ ನಿಮಿಷಗಳಲ್ಲಿ ಹಿಡಿದಂತೆ ಕಂಡರೂ, ಒಳಗೆ ಸೇರಿದ ದ್ರಾವಕ ಪೂರ್ತಿ ಹೊರಹೋಗಲು ಸಾಮಾನ್ಯವಾಗಿ 24 ಗಂಟೆ ಅಥವಾ ಹೆಚ್ಚು ಕಾಲ ಬೇಕು. ಅದಕ್ಕೆ ಮುನ್ನ ಉಜ್ಜಿ ಸಮಮಾಡಿದರೆ, ಪ್ಲಾಸ್ಟಿಕ್ ಮುಂದೆ ಕುಗ್ಗಿ ಬಣ್ಣದ ಅಡಿಯಲ್ಲಿ ಕೀಲಿನ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅಂಟು ಹೆಚ್ಚಾದರೆ ಸೂಕ್ಷ್ಮ ವಿವರಗಳು ಕರಗಿಹೋಗುತ್ತವೆ. ಬಣ್ಣ ಅಥವಾ ಲೋಹಲೇಪವಿರುವ ಮೇಲ್ಮೈಯಲ್ಲಿ ದ್ರಾವಕ ಪ್ಲಾಸ್ಟಿಕ್ಕನ್ನು ಮುಟ್ಟದ ಕಾರಣ ಕೀಲು ಹಿಡಿಯುವುದಿಲ್ಲ. ಅಂಟಿಸುವ ಜಾಗದಲ್ಲಿ ಆ ಪದರವನ್ನು ಕೆರೆದು ತೆಗೆಯಬೇಕು.

ಸಯನೋಆಕ್ರಿಲೇಟ್

ಆಡುಮಾತಿನಲ್ಲಿ ‘ಸೂಪರ್ ಗ್ಲೂ’ ಎನಿಸಿಕೊಂಡಿರುವ, ಭಾರತದ ಅಂಗಡಿಗಳಲ್ಲಿ ‘ಫೆವಿಕ್ವಿಕ್’ ಎಂಬ ವಾಣಿಜ್ಯನಾಮದಿಂದ ಹೆಚ್ಚು ಪರಿಚಿತವಾದ ಅಂಟು ಇದು. ಇದು ಗಾಳಿಗೆ ಒಣಗುವುದಲ್ಲ. ಮೇಲ್ಮೈಯ ಮೇಲಿರುವ ತೇವಾಂಶದ ಸಂಪರ್ಕದಿಂದ ಇದರ ಅಣುಗಳು ಸರಪಳಿಗಟ್ಟಿ ಕ್ಷಣಗಳಲ್ಲಿ ಗಟ್ಟಿಯಾಗುತ್ತವೆ. ತೆಳುವಾದ ಪದರ ಬೇಗ ಹಿಡಿಯುತ್ತದೆ, ದಪ್ಪ ಹನಿ ಬಹಳ ಹೊತ್ತು ಹಸಿಯಾಗಿ ಉಳಿಯುತ್ತದೆ. ಹೀಗಾಗಿ ಹೆಚ್ಚು ಅಂಟು ಸುರಿದಷ್ಟೂ ಕೀಲು ಗಟ್ಟಿಯಾಗುತ್ತದೆ ಎಂಬ ಎಣಿಕೆ ಇಲ್ಲಿ ಸಲ್ಲದು.

ರೆಸಿನ್, ಲೋಹ, ಮರ ಮತ್ತು ಬೇರೆ ಬೇರೆ ವಸ್ತುಗಳ ನಡುವಿನ ಕೀಲುಗಳಿಗೆ ಇದು ಉಪಯುಕ್ತ. ನೀರಿನಂತೆ ತೆಳುವಾದುದು ಬಿಗಿಯಾದ ಸಂದುಗಳಿಗೂ, ಮಧ್ಯಮ ಮತ್ತು ಮಂದ ರೂಪದವು ಸಾಮಾನ್ಯ ಕೀಲುಗಳಿಗೂ, ಜೆಲ್ ರೂಪದ್ದು ಸರಿಯಾಗಿ ಕೂರದ ಭಾಗಗಳಿಗೂ ಒಪ್ಪುತ್ತವೆ. ಅಡಿಗೆ ಸೋಡಾದ ಸಂಪರ್ಕದಿಂದ ಇದು ತಕ್ಷಣ ಗಟ್ಟಿಯಾಗುವುದರಿಂದ, ಬಿರುಕುಗಳಿಗೆ ಸೋಡಾ ತುಂಬಿ ಮೇಲೆ ತೆಳು ಅಂಟಿನ ಹನಿ ಹಾಕುವ ಪದ್ಧತಿಯಿದೆ. ಆದರೆ ಹಾಗೆ ತುಂಬಿದ ಭಾಗವು ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಉಜ್ಜುವಾಗ ಸಮನಾಗುವುದು ಕಷ್ಟ.

ನೇರ ಎಳೆತವನ್ನು ಚೆನ್ನಾಗಿ ತಡೆಯುವ ಈ ಅಂಟು ಪೆಡಸಾದ್ದರಿಂದ ಹೊಡೆತ, ಬಾಗುವಿಕೆ ಮತ್ತು ಅಂಚಿನಿಂದ ಸುಲಿಯುವ ಬಲಕ್ಕೆ ಸೋಲುತ್ತದೆ. ಮೇಜಿನಿಂದ ಬಿದ್ದ ಲೋಹದ ಗೊಂಬೆಯ ತೋಳು ಕೀಲಿನಲ್ಲಿಯೇ ಕಳಚಿಕೊಳ್ಳಲು ಇದು ಕಾರಣ. ಇದರ ಇನ್ನೊಂದು ದೋಷವೆಂದರೆ, ಆರುವಾಗ ಹೊಮ್ಮುವ ಆವಿಯು ಸುತ್ತಲಿನ ಮೇಲ್ಮೈಯ ಮೇಲೆ ಬಿಳಿ ಮಸುಕಾಗಿ ಕೂರುವುದು. ವಿಮಾನದ ಗಾಜಿನಂತಹ ಪಾರದರ್ಶಕ ಭಾಗಗಳ ಬಳಿ ಇದನ್ನು ಬಳಸದಿರುವುದು ಕ್ಷೇಮ.

ಎಪಾಕ್ಸಿ

ರೆಸಿನ್ ಮತ್ತು ಗಟ್ಟಿಕಾರಕ ಎಂಬ ಎರಡು ಭಾಗಗಳನ್ನು ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಬೆರೆಸಿ ಬಳಸುವ ಅಂಟು ಇದು. ‘ಅರಾಲ್ಡೈಟ್’ ಇದರ ಪ್ರಸಿದ್ಧ ವಾಣಿಜ್ಯನಾಮ. 5 ನಿಮಿಷಗಳಲ್ಲಿ ಹಿಡಿಯುವ ಬಗೆಯಿಂದ ಹಿಡಿದು ಒಂದು ದಿನ ತೆಗೆದುಕೊಳ್ಳುವ ಬಗೆಯವರೆಗೆ ದೊರೆಯುತ್ತದೆ. ಆರುವಾಗ ಇದು ಬಹಳ ಕಡಿಮೆ ಕುಗ್ಗುವುದರಿಂದ ಸಂದುಗಳನ್ನು ತುಂಬಿಕೊಂಡು ಹಿಡಿಯುತ್ತದೆ. ಭಾರವಾದ ಲೋಹದ ಭಾಗಗಳು, ದೊಡ್ಡ ರೆಸಿನ್ ತುಂಡುಗಳು ಮತ್ತು ಸದಾ ಭಾರ ಹೊರುವ ಕೀಲುಗಳಿಗೆ ಇದು ಸೂಕ್ತ. ಬೆರಕೆಯ ಪ್ರಮಾಣ ತಪ್ಪಿದರೆ ಎಷ್ಟು ದಿನ ಬಿಟ್ಟರೂ ಅಂಟು ಜಿಗುಟಾಗಿಯೇ ಉಳಿಯುತ್ತದೆ. ಗಟ್ಟಿಕಾರಕವನ್ನು ಹೆಚ್ಚು ಹಾಕುವುದರಿಂದ ಅದು ಬೇಗ ಹಿಡಿಯುವುದಿಲ್ಲ.

ಬಿಳಿ ಅಂಟು

ನೀರಿನಲ್ಲಿ ಪಾಲಿವಿನೈಲ್ ಅಸಿಟೇಟ್‌ನ ಸೂಕ್ಷ್ಮ ಕಣಗಳು ತೇಲುತ್ತಿರುವ ಈ ಅಂಟು, ನೀರು ಹೀರಿಹೋದಂತೆ ಅಥವಾ ಆರಿದಂತೆ ಗಟ್ಟಿಯಾಗಿ ಬಹುಮಟ್ಟಿಗೆ ಪಾರದರ್ಶಕವಾಗುತ್ತದೆ. ಮರ, ರಟ್ಟು, ಕಾಗದ ಮತ್ತು ಥರ್ಮಾಕೋಲ್‌ಗೆ ಹೊಂದುತ್ತದೆ. ಮಾದರಿಯ ಪೀಠದ ಮೇಲೆ ಮರಳು, ಕೃತಕ ಹುಲ್ಲು ಕೂರಿಸಲು ಇದನ್ನು ನೀರು ಬೆರೆಸಿ ತೆಳುವಾಗಿಸಿ ಬಳಸುತ್ತಾರೆ. ಪ್ಲಾಸ್ಟಿಕ್ ಮೇಲೆ ಇದರ ಹಿಡಿತ ದುರ್ಬಲವಾದರೂ, ಮಸುಕು ಮೂಡಿಸದ ಮತ್ತು ಹಸಿಯಿರುವಾಗ ಒದ್ದೆ ಬಟ್ಟೆಯಿಂದ ಒರೆಸಬಹುದಾದ ಗುಣಗಳಿಂದಾಗಿ ಪಾರದರ್ಶಕ ಭಾಗಗಳನ್ನು ಕೂರಿಸಲು ಇದನ್ನೇ ಆರಿಸುತ್ತಾರೆ. ನೀರು ತಾಗುವ ಕಡೆ ಸಾಮಾನ್ಯ ಬಿಳಿ ಅಂಟು ಬಾಳುವುದಿಲ್ಲ.

ಇತರೆ

ನೇರಳಾತೀತ ಬೆಳಕಿನಿಂದ ಗಟ್ಟಿಯಾಗುವ ಅಂಟುಗಳು ಬೆಳಕು ತಲುಪುವ ಕೀಲುಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ರಬ್ಬರ್ ಆಧಾರಿತ ಸಂಪರ್ಕ ಅಂಟನ್ನು ಎರಡೂ ಮೇಲ್ಮೈಗಳಿಗೆ ಹಚ್ಚಿ, ಕೈಗೆ ಅಂಟದಷ್ಟು ಆರಿದ ಬಳಿಕ ಒತ್ತಬೇಕು. ಒಮ್ಮೆ ತಾಗಿದ ಮೇಲೆ ಸರಿಸಲಾಗದು. ಹಿತ್ತಾಳೆಯ ತೆಳು ಹಾಳೆಗಳಿಂದ ರೈಲು ಮಾದರಿಗಳನ್ನು ಕಟ್ಟುವವರು ಅಂಟಿನ ಬದಲಿಗೆ ಬೆಸುಗೆಯನ್ನೇ ಮೆಚ್ಚುತ್ತಾರೆ.

ವಸ್ತುವಿಗೆ ತಕ್ಕ ಅಂಟು

• ಪಾಲಿಸ್ಟೈರೀನ್‌ಗೆ ಪಾಲಿಸ್ಟೈರೀನ್: ಪ್ಲಾಸ್ಟಿಕ್ ದ್ರಾವಕ ಅಂಟು.
• ಎಬಿಎಸ್: ಅದಕ್ಕೆಂದೇ ತಯಾರಿಸಿದ, ಹೆಚ್ಚು ತೀವ್ರವಾದ ದ್ರಾವಕ ಅಂಟು. ಒತ್ತಿ ಕೂರಿಸುವ ಬಿಗಿಯಾದ ಭಾಗಗಳಿಗೆ ತೆಳು ದ್ರಾವಕ ತಾಗಿದರೆ ಬಿರುಕು ಬಿಡಬಹುದು.
• ಎರಕದ ರೆಸಿನ್ ಮತ್ತು ತ್ರಿಆಯಾಮ ಮುದ್ರಣದ ರೆಸಿನ್: ಸಯನೋಆಕ್ರಿಲೇಟ್, ದೊಡ್ಡ ಭಾಗಗಳಿಗೆ ಎಪಾಕ್ಸಿ.
• ತವರದ ಮಿಶ್ರಲೋಹದ ಗೊಂಬೆಗಳು: ಸಣ್ಣ ಭಾಗಗಳಿಗೆ ಸಯನೋಆಕ್ರಿಲೇಟ್, ಭಾರವಾದವಕ್ಕೆ ಎಪಾಕ್ಸಿ, ಎರಡಕ್ಕೂ ಒಳಗೆ ತಂತಿಯ ಆಧಾರ.
• ಪ್ಲಾಸ್ಟಿಕ್‌ಗೆ ಲೋಹ ಅಥವಾ ರೆಸಿನ್: ಸಯನೋಆಕ್ರಿಲೇಟ್ ಅಥವಾ ಎಪಾಕ್ಸಿ. ದ್ರಾವಕ ಅಂಟು ಇಲ್ಲಿ ಒಂದೇ ಬದಿಯನ್ನು ಕರಗಿಸುವುದರಿಂದ ನಿಷ್ಪ್ರಯೋಜಕ.
• ಪಾರದರ್ಶಕ ಭಾಗಗಳು: ಬಿಳಿ ಅಂಟು.
• ಮರ, ರಟ್ಟು, ಕಾಗದ: ಬಿಳಿ ಅಂಟು.
• ಥರ್ಮಾಕೋಲ್: ಬಿಳಿ ಅಂಟು. ಥರ್ಮಾಕೋಲ್ ಕೂಡ ಪಾಲಿಸ್ಟೈರೀನ್‌ನ ನೊರೆಯೇ ಆದ್ದರಿಂದ ದ್ರಾವಕ ಅಂಟು, ಸಾಮಾನ್ಯ ಸಯನೋಆಕ್ರಿಲೇಟ್ ಮತ್ತು ಸಂಪರ್ಕ ಅಂಟುಗಳು ಅದನ್ನು ಕರಗಿಸಿ ಗುಳಿ ಬೀಳಿಸುತ್ತವೆ. ಶಾಲಾ ವಸ್ತುಪ್ರದರ್ಶನದ ಮಾದರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹಾನಿ ಇದು.
• ಪಾಲಿಎಥಿಲೀನ್, ಪಾಲಿಪ್ರೊಪಿಲೀನ್: ವಿಶೇಷ ಪೂರ್ವಲೇಪವಿಲ್ಲದೆ ಯಾವ ಸಾಮಾನ್ಯ ಅಂಟೂ ಬಾಳುವುದಿಲ್ಲ, ತಂತಿಯಿಂದ ಚುಚ್ಚಿ ಕೂಡಿಸುವುದು ಮೇಲು.

ಜೋಡಣೆಯ ಕ್ರಮ

ಅಂಟು ಹಚ್ಚುವ ಮುನ್ನ ಭಾಗಗಳನ್ನು ಹಾಗೆಯೇ ಕೂಡಿಸಿ ನೋಡಬೇಕು. ಅಚ್ಚಿನ ಗೆರೆ, ಕತ್ತರಿಸಿದ ಮೊಳೆ ಮೊದಲಾದ ಅಡಚಣೆಗಳನ್ನು ಅರ ಅಥವಾ ಉಪ್ಪುಕಾಗದದಿಂದ ತೆಗೆದು ಸಂದು ಬಿಗಿಯಾಗುವಂತೆ ಮಾಡಬೇಕು. ರೆಸಿನ್ ಭಾಗಗಳ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿರುವ ಸಾಧ್ಯತೆಯಿದ್ದು, ಅದು ಅಂಟನ್ನೂ ಬಣ್ಣವನ್ನೂ ಹಿಡಿಯಗೊಡುವುದಿಲ್ಲ. ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ತೊಳೆದು, ಪೂರ್ತಿ ಒಣಗಿಸಬೇಕು. ನುಣುಪಾದ ಲೋಹದ ಮೇಲ್ಮೈಯನ್ನು ಲಘುವಾಗಿ ಗೀಚಿದರೆ ಅಂಟಿಗೆ ಹಿಡಿತ ಸಿಗುತ್ತದೆ.

ಭಾರವಾದ ಅಥವಾ ಮುಂಚಾಚಿದ ಭಾಗಗಳಿಗೆ ಒಳತಂತಿ ಹಾಕುವುದು ರೂಢಿ. ಎರಡೂ ಭಾಗಗಳಲ್ಲಿ ಸುಮಾರು 1 ಮಿಲಿಮೀಟರ್ ವ್ಯಾಸದ ರಂಧ್ರವನ್ನು ಕೈಬೈರಿಗೆಯಿಂದ ಕೊರೆದು, ಹಿತ್ತಾಳೆಯ ತಂತಿಯನ್ನೋ ಕಾಗದ ಸಿಕ್ಕಿಸುವ ಕ್ಲಿಪ್ಪಿನ ತುಂಡನ್ನೋ ಅಂಟಿನೊಡನೆ ಸೇರಿಸಲಾಗುತ್ತದೆ. ಒಂದು ಭಾಗದ ರಂಧ್ರದ ಬಾಯಿಗೆ ಹಸಿ ಬಣ್ಣದ ಚುಕ್ಕೆಯಿಟ್ಟು ಇನ್ನೊಂದಕ್ಕೆ ಒತ್ತಿದರೆ ಎದುರಿನ ರಂಧ್ರದ ಜಾಗ ಸರಿಯಾಗಿ ಗುರುತಾಗುತ್ತದೆ. ಬಾಗುವ ಬಲವನ್ನು ತಂತಿಯೇ ಹೊರುವುದರಿಂದ ಅಂಟಿನ ಮೇಲೆ ಹೊರೆ ಕಡಿಮೆಯಾಗುತ್ತದೆ.

ಬಿಡಿಸುವ ಸಾಧ್ಯತೆಯನ್ನೂ ಮೊದಲೇ ಯೋಚಿಸಬೇಕು. ದ್ರಾವಕ ಬೆಸುಗೆಯನ್ನು ಬಿಡಿಸಲು ಬರುವುದಿಲ್ಲ. ಸಯನೋಆಕ್ರಿಲೇಟ್ ಕೀಲು ತಣ್ಣಗಾದಾಗ ಇನ್ನಷ್ಟು ಪೆಡಸಾಗುವುದರಿಂದ, ಲೋಹದ ಮಾದರಿಯನ್ನು ಕೆಲ ಗಂಟೆ ಶೀತಕದಲ್ಲಿಟ್ಟು ಬಿಡಿಸುವುದುಂಟು. ಅಸಿಟೋನ್ ಕೂಡ ಇದನ್ನು ಸಡಿಲಿಸುತ್ತದೆ, ಆದರೆ ಪಾಲಿಸ್ಟೈರೀನನ್ನೂ ಕರಗಿಸುತ್ತದೆ. ತಯಾರಿಕೆ ನಿಂತುಹೋದ ಹಳೆಯ ಕಿಟ್‌ಗಳ ಭಾಗಗಳಿಗೆ ಬದಲಿ ಸಿಗದ ಕಾರಣ, ಅಂಟನ್ನು ಚೌಕಟ್ಟಿನ ತುಂಡಿನ ಮೇಲೆ ಪರೀಕ್ಷಿಸಿದ ನಂತರವೇ ಮಾದರಿಗೆ ಹಚ್ಚುವುದು ಕ್ರಮ.

ಹವಾಮಾನ ಮತ್ತು ಸಂಗ್ರಹಣೆ

ಗಾಳಿಯ ತೇವಾಂಶವು ಅಂಟುಗಳ ಮೇಲೆ ಬೇರೆ ಬೇರೆ ಪರಿಣಾಮ ಬೀರುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಂತಹ ವಾತಾವರಣದಲ್ಲಿ ಸಯನೋಆಕ್ರಿಲೇಟ್ ಬೇಗ ಹಿಡಿಯುತ್ತದೆ, ಬಿಳಿ ಮಸುಕೂ ಹೆಚ್ಚುತ್ತದೆ. ಬಿಳಿ ಅಂಟು ಮಾತ್ರ ನಿಧಾನವಾಗಿ ಒಣಗುತ್ತದೆ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಇದು ತಿರುವುಮುರುವಾಗುತ್ತದೆ. ಸಯನೋಆಕ್ರಿಲೇಟ್‌ನ ಶೀಶೆಯನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿ, ತಂಪಾದ ಜಾಗದಲ್ಲಿ ಇಟ್ಟರೆ ಹೆಚ್ಚು ಕಾಲ ಬಾಳುತ್ತದೆ. ದ್ರಾವಕ ಅಂಟಿನ ಮುಚ್ಚಳ ಸಡಿಲವಾಗಿದ್ದರೆ ದ್ರಾವಕ ಆವಿಯಾಗಿ ಅಂಟು ಕೆಡುವುದಲ್ಲದೆ ಕೋಣೆಯ ಗಾಳಿಯೂ ಕೆಡುತ್ತದೆ.

ಸುರಕ್ಷತೆ

ದ್ರಾವಕ ಅಂಟುಗಳ ಆವಿಯಿಂದ ತಲೆನೋವು, ತಲೆಸುತ್ತು ಮತ್ತು ವಾಕರಿಕೆ ಉಂಟಾಗಬಹುದು. ಹಿಂದೆ ಹೆಚ್ಚಾಗಿ ಬಳಕೆಯಲ್ಲಿದ್ದ ಟಾಲ್ವೀನ್ ದೀರ್ಘಕಾಲ ಒಳಸೇರಿದರೆ ನರಮಂಡಲಕ್ಕೆ ಹಾನಿಯಾಗುತ್ತದೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಹದಿಹರೆಯದವರು ಮಾದರಿ ಅಂಟನ್ನು ಅಮಲಿಗಾಗಿ ಮೂಸುವುದು ಸಾರ್ವಜನಿಕ ಸಮಸ್ಯೆಯಾಯಿತು. ಇದನ್ನು ತಡೆಯಲು ಅಂಟಿಗೆ ಮೂಗು ಉರಿಸುವ ಸಾಸಿವೆಯ ತೈಲಾಂಶವನ್ನು ಬೆರೆಸಿದ್ದೂ ಉಂಟು. ಭಾರತದ ನಗರಗಳಲ್ಲಿ ಪಂಕ್ಚರ್ ಸಲ್ಯೂಷನ್ ಮತ್ತು ವೈಟ್‌ನರ್‌ಗಳ ದುರ್ಬಳಕೆಯೂ ಇದೇ ಬಗೆಯದು. ಉದ್ದೇಶಪೂರ್ವಕವಾಗಿ ಇಂತಹ ಆವಿಯನ್ನು ಸೇದುವುದರಿಂದ ಹೃದಯದ ಬಡಿತ ಏರುಪೇರಾಗಿ ಹಠಾತ್ ಸಾವು ಸಂಭವಿಸಬಹುದು. ಮೊದಲ ಬಾರಿಗೆ ಸೇದಿದವರಲ್ಲೂ ಹೀಗಾಗುವುದುಂಟು.

ಕೆಲಸದ ಕೋಣೆಯ ಕಿಟಕಿ ತೆರೆದಿರಬೇಕು. ದೀಪ, ಊದುಬತ್ತಿ, ಒಲೆ ಮೊದಲಾದ ಬೆಂಕಿಯ ಮೂಲಗಳು ಹತ್ತಿರ ಇರಬಾರದು. ಲಿಮೊನೀನ್ ಅಂಟಿನ ವಾಸನೆ ಹಿತವೆನಿಸಿದರೂ ಅದು ಚರ್ಮವನ್ನು ಕೆರಳಿಸಬಲ್ಲದು. ಎಪಾಕ್ಸಿಯು ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬೆಳೆಯುವುದರಿಂದ ಕೈಗವಸು ಅಗತ್ಯ. ರೆಸಿನ್ ಉಜ್ಜುವಾಗ ಏಳುವ ದೂಳು ಶ್ವಾಸಕೋಶಕ್ಕೆ ಹಾನಿಕರ. ಒದ್ದೆಮಾಡಿ ಉಜ್ಜುವುದು ಮತ್ತು ಮುಖಕವಚ ಧರಿಸುವುದು ಸೂಕ್ತ.

ಸಯನೋಆಕ್ರಿಲೇಟ್‌ನಿಂದ ಬೆರಳುಗಳು ಅಂಟಿಕೊಂಡರೆ ಬಲವಂತವಾಗಿ ಎಳೆಯದೆ, ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸಿ ಬಿಡಿಸಬೇಕು. ಕಣ್ಣಿಗೆ ಬಿದ್ದರೆ ಬೆಚ್ಚಗಿನ ನೀರಿನಿಂದ ತೊಳೆದು ತಕ್ಷಣ ವೈದ್ಯರನ್ನು ಕಾಣಬೇಕು. ರೆಪ್ಪೆಗಳನ್ನು ಬಲವಾಗಿ ಬಿಡಿಸುವುದಾಗಲಿ ಕಣ್ಣಿನ ಬಳಿ ಅಸಿಟೋನ್ ಬಳಸುವುದಾಗಲಿ ಕೂಡದು. ಹತ್ತಿಯ ಮೇಲೆ ಈ ಅಂಟು ಹೆಚ್ಚಾಗಿ ಚೆಲ್ಲಿದರೆ ರಾಸಾಯನಿಕ ಕ್ರಿಯೆ ತೀವ್ರಗೊಂಡು ಚರ್ಮ ಸುಡುವಷ್ಟು ಶಾಖ ಹುಟ್ಟುತ್ತದೆ. ಆದ್ದರಿಂದ ಇದನ್ನು ಹತ್ತಿಯಿಂದ ಒರೆಸಬಾರದು, ಹತ್ತಿಯ ಕೈಗವಸನ್ನೂ ಧರಿಸಬಾರದು. ಮಕ್ಕಳು ಮಾದರಿ ಜೋಡಿಸುವಾಗ ದೊಡ್ಡವರು ಜೊತೆಗಿರಬೇಕು. ತೀರ ಚಿಕ್ಕವರಿಗೆ ಅಂಟಿನ ಅಗತ್ಯವೇ ಇಲ್ಲದ, ಒತ್ತಿ ಕೂರಿಸುವ ಕಿಟ್‌ಗಳು ದೊರೆಯುತ್ತವೆ.

ಇವನ್ನೂ ನೋಡಿ

• ಅಂಟು
• ಪಾಲಿಸ್ಟೈರೀನ್
• ಸಯನೋಆಕ್ರಿಲೇಟ್
• ಎಪಾಕ್ಸಿ
• ಕಿನ್ನಾಳ ಕಲೆ